ಚಪ್ಪಲಿ ಬಿಚ್ಚಿ ದಾಟಿದ ಸೇತುವೆ

ಕಾದ ಡಾಂಬರಿನ ವಾಸನೆ ಬಂದರೆ ಈಗಲೂ ನನ್ನ ಅಂಗಾಲು ಉರಿಯುತ್ತದೆ.

ಕಾಗಿಣಾ ನದಿಗೆ ಹೊಸ ಸೇತುವೆಯಾಗಿತ್ತು. ಅಲ್ಲಿಯತನಕ ಜನರನ್ನು ದೋಣಿಯಲ್ಲಿ ದಾಟಿಸುತ್ತಿದ್ದ ನನ್ನ ಅಜ್ಜ ಒಂದು ಮಧ್ಯಾಹ್ನ ನನ್ನನ್ನು ಅಲ್ಲಿಗೆ ಕರೆದೊಯ್ದ. ದೋಣಿ ಹತ್ತುವ ಮುಂಚೆ ಮಾಡುತ್ತಿದ್ದಂತೆಯೇ, ಸೇತುವೆ ಶುರುವಾಗುವಲ್ಲಿ ನಿಂತು ಚಪ್ಪಲಿ ಬಿಚ್ಚಿದ.

"ನೀನೂ ಬಿಚ್ಚವ್ವ. ಕೆಳಗ ಗಂಗವ್ವ ಅದಾಳ."

"ಕಾಲು ಸುಡ್ತಾವ ಮುತ್ಯಾ. ಎಲ್ಲಾರೂ ಹಾಕ್ಕೊಂಡೇ ಹೊಂಟಾರ."

"ಹೋಗ್ಲಿ ಬಿಡು. ನಾವು ಆಕಿ ಅನ್ನ ಉಂಡೀವಿ."

ನಡುವೆ ಬಂದಾಗ ಹಿಂದಿನಿಂದ ಬಸ್ಸು ಬಂತು. ಕಿಟಕಿಯಲ್ಲಿದ್ದ ನನ್ನ ತರಗತಿಯ ಹುಡುಗಿಯರು ನಮ್ಮ ಕೈಯಲ್ಲಿದ್ದ ಚಪ್ಪಲಿ ತೋರಿಸಿ ನಕ್ಕರು. ಅಜ್ಜನೂ ನಕ್ಕು, ಚಪ್ಪಲಿ ಹಿಡಿದ ಕೈಗಳನ್ನೇ ಜೋಡಿಸಿ ಅವರಿಗೆ ಶರಣೆಂದ.

ಇವತ್ತಿಗೂ ಬಸ್ಸು ಆ ಸೇತುವೆ ಹತ್ತಿದರೆ ನನ್ನ ಕಾಲುಗಳು ತಾವಾಗಿಯೇ ಚಪ್ಪಲಿಯಿಂದ ಹೊರಬರುತ್ತವೆ. ಪಕ್ಕದವರು ನೋಡದಂತೆ ಸೀರೆ ಕೆಳಗೆಳೆದುಕೊಳ್ಳುತ್ತೇನೆ.