ಈಗಿರುವ ಸಿಬ್ಬಂದಿ

ವಿಮಾ ಇಲಾಖೆ ಕಳಿಸಿದ ಉತ್ತರದಲ್ಲಿ ಇದ್ದದ್ದು ಇಷ್ಟೇ: 'ಹೊಸ ಕಾನೂನಿನ ಕೆಲಸವನ್ನು ಈಗಿರುವ ಸಿಬ್ಬಂದಿಯೇ ನಿಭಾಯಿಸುವರು. ಖರ್ಚು ಸೊನ್ನೆ.' ಶಾಸನಸಭೆಯ ಹಣಕಾಸು ಕಚೇರಿಯ ನೋಲನ್ ಈ ಅಧಿವೇಶನದಲ್ಲೇ ಇಂಥ ಸಾಲನ್ನು ನೂರು ಸಲ ಓದಿದ್ದ. ಪ್ರತಿ ಮಸೂದೆಯ ಬೆನ್ನಿಗೂ ಒಂದು ಖರ್ಚಿನ ಚೀಟಿ ಅಂಟಿಸುವುದು ಅವನ ಕೆಲಸ. ಯಾಕೋ ಈ ಸಲ ಮಾತ್ರ, ಈ 'ಈಗಿರುವ ಸಿಬ್ಬಂದಿ' ಅಂದರೆ ಯಾರು, ಒಮ್ಮೆ ಮುಖ ನೋಡಿ ಬರೋಣ ಅನ್ನಿಸಿತು. ಕೋಟು ತೊಟ್ಟು, ಮಾರ್ಚ್ ತಿಂಗಳ ಕೊರೆಯುವ ಗಾಳಿಗೆ ತಲೆ ತಗ್ಗಿಸಿ ರಸ್ತೆ ದಾಟಿ ವಿಮಾ ಇಲಾಖೆಗೆ ಹೋದ.

ಸಿಬ್ಬಂದಿ ಅಂದರೆ ಮೂರನೇ ಮಹಡಿಯ ಮೂಲೆಯಲ್ಲಿ ಕೂತಿದ್ದ ಅರ್ಲೀನ್ ಕುಬಿಚೆಕ್ ಒಬ್ಬಳೇ. ವಯಸ್ಸು ಅರವತ್ತೇಳು.

"ಬಾಪ್ಪ, ಕೂತ್ಕೋ. ಕೊಲಾಚಿ ತಿಂತೀಯಾ? ಪ್ಲಮ್ ಹೂರಣದ ಬನ್ನು, ನಾನೇ ಬೇಯ್ಸಿದ್ದು."

"ಬೇಡ ಮೇಡಂ. ಆ ಜೀವವಿಮೆ ಮಸೂದೆ ವಿಷಯ ಕೇಳೋಣ ಅಂತ ಬಂದೆ. ಅದನ್ನೆಲ್ಲ ನೀವೊಬ್ರೇನಾ ನೋಡ್ಕೊಳ್ಳೋದು?"

"ನನ್ನ ಹಿಂದೆ ಇನ್ಯಾರಾದ್ರೂ ಕಾಣಿಸ್ತಿದಾರಾ?"

ಯಾರಾದರೂ ತೀರಿಕೊಂಡಾಗ, ಅವರ ಹೆಸರಲ್ಲಿ ಎಲ್ಲಾದರೂ ವಿಮೆ ಇತ್ತೇ ಎಂದು ಗೊತ್ತಿಲ್ಲದ ಮನೆಯವರು ಅರ್ಲೀನ್‌ಗೆ ಬರೆಯುತ್ತಾರೆ. ಆಕೆ ಆ ಹೆಸರನ್ನು ರಾಜ್ಯದಲ್ಲಿ ವಿಮೆ ಮಾರುವ ಮುನ್ನೂರ ಚಿಲ್ಲರೆ ಕಂಪನಿಗಳಿಗೆ ಕಳಿಸುತ್ತಾಳೆ. ಕಂಪನಿಗಳು ಮನಸ್ಸು ಬಂದಾಗ ಉತ್ತರ ಕೊಡುತ್ತವೆ. ಹೋದ ವರ್ಷ ಒಬ್ಬ ವಿಧವೆಗೆ 'ಹೌದು, ವಿಮೆ ಇದೆ' ಎಂಬ ಕಾಗದ ಹದಿನಾಲ್ಕು ತಿಂಗಳ ಮೇಲೆ ಬಂತು. ಅಷ್ಟರಲ್ಲಿ ಆಕೆ ಇದ್ದ ಮನೆ ಮಾರಿ, ಮಗಳ ಮನೆಯ ನೆಲಮಾಳಿಗೆ ಸೇರಿ, ಅಲ್ಲೇ ಕಣ್ಣು ಮುಚ್ಚಿದ್ದಳು. ಆ ಕಾಗದ ಹಿಡಿದು ಅರ್ಲೀನ್ ಕೂತಲ್ಲೇ ಅತ್ತಿದ್ದಳು. ಮರುದಿನ ಒಬ್ಬ ಸೆನೆಟರ್ ಬಾಗಿಲಿಗೆ ಹೋಗಿ ಪಟ್ಟು ಹಿಡಿದು ಕೂತಳು. ಮೂವತ್ತು ದಿನದೊಳಗೆ ಉತ್ತರ ಕೊಡಲೇಬೇಕು ಅನ್ನುವ ಮಸೂದೆ ಹುಟ್ಟಿದ್ದು ಹಾಗೆ.

"ನಿಭಾಯಿಸ್ತೀರಾ ಹಾಗಾದ್ರೆ?"

"ಓಹೋ. ಮೇ ಮೂವತ್ತೊಂದರ ತನಕ."

"ಆಮೇಲೆ?"

"ರಿಟೈರು. ನನ್ನ ಗಂಡ ಡೆಲ್ಮರ್ ಆಗಲೇ ವ್ಯಾನಿಗೆ ಹೊಸ ಟೈರು ಹಾಕ್ಸಿ ಕೂತಿದಾನೆ. ಎಪ್ಪತ್ತೊಂದು ವರ್ಷದಲ್ಲಿ ಮೆಕ್ಕೆಜೋಳದ ಹೊಲ ಬಿಟ್ರೆ ಇನ್ನೇನೂ ನೋಡಿಲ್ಲ ಪಾಪ. ಸಮುದ್ರ ನೋಡ್ಬೇಕಂತೆ. ಎರಡು ಸಲ ಎದೆ ಕುಯ್ದಾಗಿದೆ, ಮೂರನೇ ಸಲ ಕುಯ್ಯೋ ಹಾಗಿಲ್ಲ ಅಂದ್ಬಿಟ್ಟಿದಾರೆ ಡಾಕ್ಟ್ರು."

ನೋಲನ್ ಪೆನ್ನು ನಿಂತಿತು. ಖಾಲಿಯಾದ ಹುದ್ದೆಗಳನ್ನು ತುಂಬಬಾರದೆಂದು ಸರ್ಕಾರದ ಆದೇಶವಿತ್ತು.

"ಜೂನಿಂದ ಈ ಕುರ್ಚೀಲಿ ಯಾರಿರ್ತಾರೆ ಮೇಡಂ?"

"ಕುರ್ಚಿ ಇರುತ್ತೆ, ಅಷ್ಟೇ."

"ಹಾಗಾದ್ರೆ ನಾನು ಸೊನ್ನೆ ಬರೆಯೋ ಹಾಗಿಲ್ಲ. ಒಂದು ಹೊಸ ಹುದ್ದೆ ಅಂತ ಬರೀಬೇಕು. ವರ್ಷಕ್ಕೆ ಅರವತ್ತೆಂಟು ಸಾವಿರ ಡಾಲರ್."

ಬರೆದರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಸೊನ್ನೆ ಇದ್ದರೆ ಮಸೂದೆ ನೇರ ಸದನಕ್ಕೆ. ಒಂದು ಡಾಲರ್ ಖರ್ಚು ಕಾಣಿಸಿದರೂ ಹಣಕಾಸು ಸಮಿತಿಗೆ. ಅಲ್ಲಿ ಆಗಲೇ ತೊಂಬತ್ತು ಮಸೂದೆಗಳು ಸಾಲುಗಟ್ಟಿ ನಿಂತಿವೆ, ಅಧಿವೇಶನದಲ್ಲಿ ಉಳಿದಿರುವುದು ಒಂಬತ್ತು ದಿನ. ನೋಲನ್ ಒಳ್ಳೆಯ ಹುಡುಗ. ಸುಳ್ಳು ಬರೆಯುವವನಲ್ಲ. ಅವನ ಮೇಲೆ ಸಿಟ್ಟು ಮಾಡಿಕೊಳ್ಳುವಂತೆಯೂ ಇಲ್ಲವಲ್ಲ ಎಂದು ಅರ್ಲೀನ್‌ಗೆ ಬೇಜಾರಾಯಿತು.

"ನಿನ್ನ ಚೀಟಿ ಎಷ್ಟು ವರ್ಷ ಮುಂದಕ್ಕೆ ನೋಡುತ್ತೆ?"

"ಎರಡು ವರ್ಷ."

"ಅದರಾಚೆ?"

"ಅದರಾಚೆ ನಾವು ನೋಡಲ್ಲ ಮೇಡಂ."

ಅರ್ಲೀನ್ ಒಂದು ಕೊಲಾಚಿ ಮುರಿದು, ಅರ್ಧವನ್ನು ನಿಧಾನವಾಗಿ ತಿಂದು, ಬೆರಳು ಒರೆಸಿಕೊಂಡಳು.

"ಆ ಎರಡು ವರ್ಷ ನಾನೇ ಇಲ್ಲಿ ಕೂತಿದ್ರೆ?"

"ಆಗ ಸೊನ್ನೆ." ನೋಲನ್ ಮುಖ ಕೆಂಪಾಯಿತು. "ಆದ್ರೆ ಮೇಡಂ, ನಾನು ಅದನ್ನ ಕೇಳೋಕೆ ಬಂದಿಲ್ಲ. ದಯವಿಟ್ಟು..."

"ನೀನೆಲ್ಲಿ ಕೇಳ್ದೆ? ಸುಮ್ನಿರು."

ನಿವೃತ್ತಿಯ ಅರ್ಜಿ ವಾಪಸು ಪಡೆಯುತ್ತೇನೆ ಎಂದು ಆಕೆ ಒಂದು ಹಾಳೆಯ ಮೇಲೆ ಬರೆದು ಸಹಿ ಹಾಕಿದಳು. ಚೀಟಿಗೆ ಆಧಾರ ಬೇಕಲ್ಲ, ನೋಲನ್ ನಾಚಿಕೊಂಡೇ ಅದರ ಒಂದು ಪ್ರತಿ ಕೇಳಿ ತೆಗೆದುಕೊಂಡ. ಆಮೇಲೆ 'ಖರ್ಚು ಸೊನ್ನೆ' ಎಂದು ಬರೆದ. ಯಾರೂ ಬೆರಳಿಟ್ಟು ತೋರಿಸುವಂಥ ತಪ್ಪು ಅದರಲ್ಲಿರಲಿಲ್ಲ.

ಅವನು ಕೋಟಿನ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಅರ್ಲೀನ್ ಮನೆಗೆ ಫೋನು ಹಚ್ಚಿದ್ದಳು. ಡೆಲ್ಮರ್‌ಗೆ ಕಿವಿ ಮಂದ, ಮಾತೆಲ್ಲ ಕೂಗೇ. ಬಾಗಿಲ ಹತ್ತಿರವಿದ್ದ ನೋಲನ್‌ಗೂ ಅಷ್ಟೂ ಕೇಳಿಸಿತು.

"ಡೆಲ್ಮರ್, ಇನ್ನೆರಡು ವರ್ಷ ಇಲ್ಲೇ ದುಡೀತೀನಿ ಕಣೋ. ಸಮುದ್ರ ಎಲ್ಲೂ ಓಡಿಹೋಗಲ್ಲ, ಅಲ್ವಾ?"

ಆ ಕಡೆಯಿಂದ ಮೊದಲು ಕೆಮ್ಮು, ಆಮೇಲೆ ಡೆಲ್ಮರ್‌ನ ಕೂಗು.

"ಸಮುದ್ರ ಎಲ್ಲೂ ಹೋಗಲ್ಲ ಕಣೇ. ನನ್ನ ಗ್ಯಾರಂಟಿ ಮಾತ್ರ ಕೇಳ್ಬೇಡ." ಮತ್ತೆ ಕೆಮ್ಮು. "ಆ ಸತ್ತೋದ ಹೆಂಗಸಿನ ಕೆಲ್ಸಾನಾ?"

"ಹ್ಞೂಂ."

"ಹೋಗ್ಲಿ ಬಿಡು, ಮಾಡು. ಉಳ್ಕೊಂಡಿದ್ದಕ್ಕೆ ಜಾಸ್ತಿ ಎಷ್ಟು ಕೊಡ್ತಾರಂತೆ?"

ಅರ್ಲೀನ್ ಫೋನನ್ನು ಬಾಯಿಗೆ ಹತ್ತಿರ ಹಿಡಿದು, ಅವನಿಗೆ ಕೇಳಿಸುವಂತೆ ಗಟ್ಟಿಯಾಗಿ ಹೇಳಿದಳು:

"ಸೊನ್ನೆ! ಸೊನ್ನೆ ಇದ್ರೇನೇ ಕಣೋ ಪಾಸಾಗೋದು!"