ಖಾಲಿ ಉತ್ತರ

"ಸುಳ್ಳಿಗೂ ಒಂದು ಮಿತಿ ಬೇಕು ಕಣೋ! ಗಂಡ ಎರಡನೇ ಮಹಡೀಲಿ ಮಲಗಿದ್ದಾನೆ, ಹೆಂಡತಿಗೆ ‘ಇಲ್ಲ’ ಅಂತ ಹೇಳಿ ಕಳಿಸಿದ್ದೀಯಲ್ಲ!"

"ನಾನು ಹೇಳಲಿಲ್ಲ ಅತ್ತಿಗೆ. ಕಂಪ್ಯೂಟರ್ ಹೇಳ್ತು."

"ಕಂಪ್ಯೂಟರಿಗೆ ಬಾಯಿ ಕೊಟ್ಟೋನು ಯಾರು? ನಿಮ್ಮಪ್ಪನಾ?"

ಮೈದುನನ ಅಪ್ಪ ಎಂದರೆ ತನ್ನ ಮಾವನೇ ಎಂದು ಅತ್ತಿಗೆಗೆ ಹೊಳೆಯುವಷ್ಟರಲ್ಲಿ ಮಾತು ಹೊರಗೆ ಬಿದ್ದಾಗಿತ್ತು. ಬಾಗಿಲಲ್ಲಿ ನಿಂತಿದ್ದ ವಾರ್ಡಿನ ನರ್ಸ್ ಮುಖ ಆಚೆ ತಿರುಗಿಸಿದಳು. ಆಸ್ಪತ್ರೆಯ ಕಂಪ್ಯೂಟರ್ ಕೋಣೆಗೆ ಸುದ್ದಿ ತಂದವಳು ಅವಳೇ. ಬೆಳಿಗ್ಗೆ ರಸ್ತೆಯಲ್ಲಿ ಎದೆ ಹಿಡಿದುಕೊಂಡು ಬಿದ್ದ ಒಬ್ಬ ಲಾರಿ ಡ್ರೈವರನ್ನು ಯಾರೋ ತಂದು ಸೇರಿಸಿದ್ದರು. ಬಿದ್ದ ಏಟಿಗೆ ಫೋನು ಪುಡಿಯಾಗಿತ್ತು. ಹೆಂಡತಿಯ ನಂಬರ್ ಆ ಫೋನಿನಲ್ಲಿತ್ತೇ ಹೊರತು ಅವನ ತಲೆಯಲ್ಲಿರಲಿಲ್ಲ. ಅವಳು ಹೇಗೋ ಸುದ್ದಿ ತಿಳಿದು ಹುಡುಕಿಕೊಂಡು ಬಂದು, ಕೆಳಗೆ ವಿಚಾರಣೆಯ ಕಿಟಕಿಯಲ್ಲಿ ಹೆಸರು ಹೇಳಿದ್ದಳು. ‘ಈ ಹೆಸರಿನವರು ಇಲ್ಲ’ ಎಂದು ಪರದೆ ತೋರಿಸಿತು. ಹೊರಟು ಹೋದಳು. ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ಯಬೇಕು. ಅವನ ಕಣ್ಣು ವಾರ್ಡಿನ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ.

ಮೈದುನ ಜಾಣ. ಅದನ್ನು ಊರಿಗೆಲ್ಲ ಡಂಗುರ ಸಾರಿದವಳೂ ಅತ್ತಿಗೆಯೇ. ಈ ಕೋಣೆಯಲ್ಲಿ ಅವಳೊಬ್ಬಳೇ ಇದ್ದ ಕಾಲದಲ್ಲಿ, ರೋಗಿಗಳ ವಿವರವೆಲ್ಲ ಇರುವ ಡೇಟಾಬೇಸಿನಿಂದ ಒಂದು ಹೆಸರು ತೆಗೆಯಬೇಕಾದರೆ ಪುಟದುದ್ದ ಪ್ರೋಗ್ರಾಮ್ ಬರೆಯಬೇಕಿತ್ತು: ಬಾಗಿಲು ತೆರೆ, ಪ್ರಶ್ನೆ ಕಟ್ಟು, ಕಳಿಸು, ಬಂದದ್ದನ್ನು ಒಂದೊಂದಾಗಿ ಎತ್ತಿಕೋ, ಬಾಗಿಲು ಮುಚ್ಚು. ಎಲ್ಲಿ ಹೋದರೂ ಅದೇ ರಾಗ, ಅದೇ ಹಾಡು. ಇವನು ಬಂದು ಅಷ್ಟನ್ನೂ ಒಂದು ಫಂಕ್ಷನ್ನಿನ ಹೊಟ್ಟೆಗೆ ತುಂಬಿ ‘ಹುಡುಕು’ ಎಂದು ಹೆಸರಿಟ್ಟ. ಆಮೇಲೆ ಎಲ್ಲಿ ಬೇಕಾದರೂ ಒಂದೇ ಸಾಲು. ಹಿಟ್ಟಿನ ಗಿರಣಿ ಇದ್ದ ಹಾಗೆ. ಮೇಲೆ ಕಾಳು ಸುರಿ, ಕೆಳಗೆ ಹಿಟ್ಟು ಹಿಡಿ. ಒಳಗೆ ಏನು ನಡೆಯುತ್ತದೆಂದು ಬಗ್ಗಿ ನೋಡುವ ಗೋಜಿಲ್ಲ.

ಅತ್ತಿಗೆ ಈಗ ಬಗ್ಗಿ ನೋಡಿದ್ದಳು. ಪರದೆಯ ಮೇಲಿನ ಒಂದು ಸಾಲಿಗೆ ಉಗುರು ಬಡಿದಳು.

"ಇದೇನಿದು? ಡೇಟಾಬೇಸ್ ಮಾತಾಡದಿದ್ರೆ ಖಾಲಿ ಉತ್ತರ ಕೊಟ್ಟುಬಿಡು ಅಂತ ಬರೆದಿದ್ದೀಯ! ಬೆಳಿಗ್ಗೆ ಸರ್ವರ್ ನಿಂತಿತ್ತು. ಕೇಳೋಕೇ ಆಗಲಿಲ್ಲ ಅನ್ನೋದೂ, ಕೇಳಿದೆ, ಇಲ್ಲ ಅನ್ನೋದೂ ಒಂದೇನಾ? ಬಾಗಿಲೇ ತಟ್ಟದೆ ಮನೇಲಿ ಯಾರೂ ಇಲ್ಲ ಅಂದ ಹಾಗಾಯ್ತು!"

"ಒಂದೇ ಅಲ್ಲ. ನಾನೂ ಅದನ್ನೇ ಹೇಳಿದ್ದೆ." ಮೈದುನನ ದನಿ ಏರಲಿಲ್ಲ. "ಮೊದಲು ಸರ್ವರ್ ನಿಂತ್ರೆ ಪರದೆ ತುಂಬ ಕೆಂಪು ಅಕ್ಷರ ಬರ್ತಿತ್ತು. ದೊಡ್ಡ ಡಾಕ್ಟರು ಅದನ್ನ ನೋಡಿ ಕಿಟಕಿ ಮುಂದೆ ಎಲ್ಲರೆದುರು ನಿಮಗೆ ಬೈದ್ರು. ಆವತ್ತು ಮೇಲೆ ಬಂದು ಏನಂದ್ರಿ? ‘ಏನು ಮಾಡ್ತೀಯೋ ನಂಗೊತ್ತಿಲ್ಲ, ಆ ಕೆಂಪು ಇನ್ನು ಯಾರ ಕಣ್ಣಿಗೂ ಬೀಳಬಾರದು.’ ಬೀಳದ ಹಾಗೆ ಮಾಡ್ದೆ."

ನರ್ಸ್ ಗೋಡೆಯ ಗಡಿಯಾರ ನೋಡಿದಳು.

ತಪ್ಪು ತನ್ನ ಕಾಲಬುಡಕ್ಕೆ ಬಂದಾಗ ಕೆಲವರು ಮೆತ್ತಗಾಗುತ್ತಾರೆ. ಅತ್ತಿಗೆ ಆ ಪೈಕಿ ಅಲ್ಲ. "ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಬುದ್ಧಿ ನಿಂದು! ನಿಮ್ಮಣ್ಣನ ಮುಖ ನೋಡಿ ಇಲ್ಲಿ ಕೂರಿಸಿಕೊಂಡೆನಲ್ಲ, ನನಗೆ ನಾನೇ ಹೊಡ್ಕೋಬೇಕು."

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಮೈದುನ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನರ್ಸನ್ನು ಕೇಳಿದ: "ಆ ಹೆಂಗಸನ್ನ ಗುರುತು ಹಿಡಿಯೋದು ಹೇಗೆ?"

"ಕಿಟಕಿಯವರು ನೋಡಿದ್ದಾರೆ. ಕೈಯಲ್ಲಿ ಗಂಡಸರ ಒಂಟಿ ಚಪ್ಪಲಿ ಇತ್ತಂತೆ. ಅವನು ಬಿದ್ದ ಜಾಗದಲ್ಲಿ ಸಿಕ್ಕಿದ್ದಂತೆ."

"ಎಲ್ಲಿಗೆ ಹೊರಟೆ?" ಎಂದಳು ಅತ್ತಿಗೆ.

"ಹುಡುಕೋಕೆ."

"ಮೊದಲು ಇದನ್ನ ಸರಿಮಾಡು. ಹೀಗೇ ಬಿಟ್ಟು ಹೋದ್ರೆ ಮತ್ತೆ ಈ ಕೋಣೆಗೆ ಕಾಲಿಡಬೇಡ!"

ಅವನು ಕೊರಳಿನ ಗುರುತಿನ ಕಾರ್ಡು ತೆಗೆದು ಕೀಬೋರ್ಡಿನ ಮೇಲಿಟ್ಟು ಹೋದ. ಬಾಗಿಲು ಸದ್ದು ಮಾಡಲಿಲ್ಲ.

ಆ ಸಾಲನ್ನು ಅತ್ತಿಗೆಯೇ ಕಿತ್ತು ಹಾಕಿದಳು. ಅಷ್ಟು ಅವಳಿಗೆ ಬರುತ್ತಿತ್ತು. ಡೇಟಾಬೇಸ್ ಉತ್ತರ ಕೊಡದಿದ್ದರೆ ಪರದೆಯ ಮೇಲೆ ಏನು ಬರಬೇಕೆಂದು ತುಸು ಹೊತ್ತು ಯೋಚಿಸಿ ಬರೆದಳು: ‘ಗೊತ್ತಾಗುತ್ತಿಲ್ಲ. ಸ್ವಲ್ಪ ಕಾಯಿರಿ.’ ಬಣ್ಣ ಕೆಂಪೇ ಕೊಟ್ಟಳು. ಸರಿಸಿಟ್ಟಿದ್ದ ಕಾರ್ಡನ್ನು ಮತ್ತೆ ಕೀಬೋರ್ಡಿನ ಮೇಲೇ ಇಟ್ಟಳು.

ಬಿಸಿಲು ಇಳಿಯುವ ಹೊತ್ತಿಗೆ ಆ ಹೆಂಗಸು ಒಬ್ಬಳೇ ಬಂದಳು. ಬೇರೊಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತಿದ್ದಾಗ ಯಾರೋ ಪುಣ್ಯಾತ್ಮ ಕೈಯಲ್ಲಿದ್ದ ಚಪ್ಪಲಿ ನೋಡಿ ಗುರುತು ಹಿಡಿದನಂತೆ, ಟ್ಯಾಕ್ಸಿ ಹತ್ತಿಸಿ ಬಾಡಿಗೆಯನ್ನೂ ಕೊಟ್ಟು ಕಳಿಸಿದನಂತೆ. ಗಂಡನನ್ನು ಆಗಲೇ ಒಳಗೆ ಕರೆದೊಯ್ದಿದ್ದರು. ಮುಚ್ಚಿದ ಬಾಗಿಲ ಎದುರಿನ ಬೆಂಚಿನಲ್ಲಿ ಅವಳು ಕುಳಿತಳು. ಚಪ್ಪಲಿಯನ್ನು ಕೆಳಗಿಟ್ಟು, ಅದರ ಮೂತಿಯನ್ನು ಬಾಗಿಲ ಕಡೆಗೆ ತಿರುಗಿಸಿದಳು. ಅತ್ತಿಗೆ ಮೆಟ್ಟಿಲ ತಿರುವಿನಲ್ಲಿ ನಿಂತು ನೋಡಿ, ಹತ್ತಿರ ಹೋಗದೆ ಹಿಂದಿರುಗಿದಳು.

ಮೈದುನ ಬರಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಮನೆಯ ಕಡೆಗೂ ಸುಳಿಯಲಿಲ್ಲ. ಕಾರ್ಡು ಇಟ್ಟಲ್ಲೇ ಇತ್ತು. ಅತ್ತಿಗೆ ತನಗೆ ಬೇರೆ ಕೀಬೋರ್ಡು ತರಿಸಿಕೊಂಡಳು.

ವಾರ ಕಳೆದ ಮೇಲೆ ಅತ್ತಿಗೆಯ ಗಂಡ ಊಟದ ತಟ್ಟೆಯ ಮುಂದೆ ಕುಳಿತು, ತಮ್ಮ ಕೂರುತ್ತಿದ್ದ ಪಕ್ಕದ ಖಾಲಿ ಜಾಗ ನೋಡಿ ಕೇಳಿದ: "ಅವನು ಇನ್ನು ಬರೋದಿಲ್ಲವೇನೇ?"

ಅವಳು ನೀರು ಬಗ್ಗಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಗೊತ್ತಾಗ್ತಿಲ್ಲ," ಎಂದಳು. "ಸ್ವಲ್ಪ ಕಾಯಿರಿ."