ವೈದ್ಯನಿಗೆ ಉಳಿದ ಮೂರು ಪ್ರಾಣ

೧೯೯೮ರ ಆಷಾಢ, ಬೆಳಗಿನ ಹನ್ನೊಂದು ಗಂಟೆ. ಹೊಳೆನರಸೀಪುರದ ಒಂಟಿ ಕೋಣೆಯ ಮನೆಯಲ್ಲಿ ಈಶ್ವರಯ್ಯ ಲಕೋಟೆ ಒಡೆದು ಓದಿದ. ವೈದ್ಯನಿಗೆ ಹಾವು ಕಚ್ಚಿತ್ತು. ಇಪ್ಪತ್ತು ಪ್ರಾಣದಲ್ಲಿ ಉಳಿದದ್ದು ಮೂರು.

‘ಜೊತೆಗಾರರು ಮೂವರೂ ತಮ್ಮ ಪ್ರಾಣದಲ್ಲಿ ಅರ್ಧ ಬಿಟ್ಟುಕೊಟ್ಟರೆ ಬದುಕುತ್ತಾನೆ. ಇಲ್ಲವಾದರೆ ಮುಂದಿನ ಕಾಗದದಲ್ಲಿ ಸಾಯುತ್ತಾನೆ’ ಎಂದು ಯಜಮಾನ ಬರೆದಿದ್ದ.

ಅದು ಅಂಚೆಯಲ್ಲಿ ಆಡುವ ಆಟ. ಹಾಸನದ ಯಜಮಾನ ಕಾಡು, ಕೋಟೆ, ರಾಕ್ಷಸರನ್ನು ಕಟ್ಟಿ ಬರೆಯುತ್ತಾನೆ, ದಾಳ ಉರುಳಿಸುತ್ತಾನೆ. ಆಡುವವರಿಗೆ ಒಂದೊಂದು ಪಾತ್ರ. ಅರಕಲಗೂಡಿನಿಂದ ಯೋಧ, ಚನ್ನರಾಯಪಟ್ಟಣದಿಂದ ಕಳ್ಳ, ಮಲ್ಲಿಪಟ್ಟಣದಿಂದ ಮಾಂತ್ರಿಕ. ಕಾಗದಕ್ಕೆ ಪಾತ್ರದ್ದೇ ಸಹಿ. ನಿಜ ಹೆಸರು ಕೇಳಬಾರದೆಂಬುದು ಕಟ್ಟಳೆ. ಆಡುವವರು ಬರೆದದ್ದೆಲ್ಲ ಯಜಮಾನನಿಗೆ ಹೋಗಿ, ಅವನ ಲಕೋಟೆಯಲ್ಲೇ ಉಳಿದವರಿಗೆ ಬರುತ್ತದೆ.

ವೈದ್ಯ ಯಾರಿಗೂ ಬೇಡದ ಪಾತ್ರ. ಕತ್ತಿ ಇಲ್ಲ, ಮಂತ್ರ ಇಲ್ಲ. ಎಲ್ಲರ ಹಿಂದೆ ನಡೆದು ಬಿದ್ದವರಿಗೆ ಮದ್ದು ಅರೆಯಬೇಕು. ನಾಲ್ಕು ವರ್ಷದ ಕೆಳಗೆ ಅದನ್ನೇ ಕೇಳಿ ಪಡೆದದ್ದು ಈ ಮನೆಯಿಂದ ಹೋದ ಕಾಗದ.

ಆ ಮೂವರಿಗೂ ಕೈಮುಗಿದು ಬರೆಯೋಣವೆಂದು ಈಶ್ವರಯ್ಯ ಅವರು ಈಚೆಗೆ ಬರೆದ ಕಾಗದಗಳನ್ನೆಲ್ಲ ಚಾಪೆಯ ಮೇಲೆ ಹರಡಿದ. ಓದಿದ್ದು ಎರಡನೇ ಕ್ಲಾಸು. ಆದರೆ ತೆಂಗಿನಕಾಯಿ ಮಂಡಿಯಲ್ಲಿ ಮೂವತ್ತು ವರ್ಷ ಮೂಟೆಗೆ ಗುರುತು ಬರೆದವನು. ಯಾವ ರೈತನ ಗುರುತನ್ನಾದರೂ ಒಮ್ಮೆ ನೋಡಿದರೆ ಹಾಗೇ ಇಳಿಸುತ್ತಿದ್ದ. ಅಕ್ಷರ ತಡವಾಗಿ ಓದುತ್ತಿದ್ದ, ಗೀಟು ಬೇಗ.

ಯೋಧನ ಅಕ್ಷರ ವಾಲಿತ್ತು. ಕಳ್ಳನದು ಇರುವೆ ಸಾಲು. ಮಾಂತ್ರಿಕನದು ದುಂಡಗೆ. ಆದರೆ ಮೂರರಲ್ಲೂ ತಲೆಕಟ್ಟಿನ ಗೀಟು ಬಲದಲ್ಲಿ ದಪ್ಪ, ಎಡಕ್ಕೆ ಬರುತ್ತ ಸಣ್ಣ. ಬಲದಿಂದ ಎಡಕ್ಕೆ ಎಳೆದ ಎಡಗೈ. ಯಜಮಾನನ ಕಾಗದ ತೆಗೆದು ನೋಡಿದ. ಅದೇ ಕೈ.

ಮೂವರು ಇರಲೇ ಇಲ್ಲ.

ಕೋಪ ಬರಲಿಲ್ಲ. ಬೇಡಿಕೊಳ್ಳಬೇಕಾದ ಮನೆ ಮೂರರಿಂದ ಒಂದಾಯಿತು, ಅಷ್ಟೆ. ಲಕೋಟೆಯ ಮೂಲೆಯಲ್ಲಿದ್ದ ಯಜಮಾನನ ವಿಳಾಸ ಹರಿದು ಜೇಬಿಗಿಟ್ಟುಕೊಂಡ.

ಬಸ್ ಸ್ಟ್ಯಾಂಡಿನಲ್ಲಿ ಮಂಡಿಯ ಹಳೆಯ ಹಮಾಲಿ ಪುಟ್ಟಸ್ವಾಮಿ ಸಿಕ್ಕ. “ಎತ್ತಾಗೆ ಸವಾರಿ? ಮನೆ ಬಿಟ್ಟು ಈಚ್ಗೆ ಬಂದಿದ್ದೇ ಕಾಣೆ ನಿನ್ನ.”

“ಹಾಸನಕ್ಕೆ. ಒಬ್ಬ ವೈದ್ಯರಿಗೆ ಉಸಾರಿಲ್ಲ.”

“ವೈದ್ಯರಿಗೇ ಉಸಾರಿಲ್ವಾ? ಹಂಗಾರೆ ನಮ್ಮಂತೋರು ನೆಟ್ಟಗೆ ಮಸಾಣಕ್ಕೇ ಓಗದು ವಾಸಿ ಕಣ್ಲಾ.” ಪುಟ್ಟಸ್ವಾಮಿ ನಕ್ಕ. ಈಶ್ವರಯ್ಯ ನಗಲಿಲ್ಲ. ಪುಟ್ಟಸ್ವಾಮಿ ಬೀಡಿ ಎಸೆದು, “ಹೋಗ್ಬಾ, ಕಿಟಕಿ ಕಡೆ ಕೂತ್ಕ” ಎಂದ.

ಹಾಸನದ ಮನೆಯ ಬಾಗಿಲು ತೆಗೆದವಳು ಐವತ್ತರ ಹೆಂಗಸು. ಎಡಗೈಯಲ್ಲಿ ಚಿಲಕ ಸರಿಸಿದಳು. ಹೆಸರು ಪ್ರೇಮಕುಮಾರಿ, ಟೈಪಿಂಗ್ ಕಲಿಸುವವಳು. ಮೇಜಿನ ಮೇಲೆ ದಾಳ, ನಾಲ್ಕು ಬಣ್ಣದ ಶಾಯಿ, ಒಂದು ತಟ್ಟೆ, ಒಂದು ಲೋಟ.

“ವೈದ್ಯನ ಮನೆಯಿಂದ ಬಂದಿವ್ನಿ ಕಣವ್ವ. ಹೊಳೇನರಸೀಪುರ.”

ಅವಳು ಕುರ್ಚಿ ಎಳೆದು ತಾನೇ ಕೂತಳು. ಆಮೇಲೆ ಎದ್ದು ಅವನಿಗೆ ಕೊಟ್ಟಳು. “ಗೊತ್ತಾಗಿಬಿಡ್ತಾ?”

“ಗೀಟಲ್ಲಿ ಗೊತ್ತಾಯ್ತು. ಮೂರೂ ನೀವೇ.”

“ಮೊದಲು ಇದ್ರು. ನಿಜವಾದೋರೇ. ಒಂದೇ ವರ್ಷದಲ್ಲಿ ಒಬ್ಬೊಬ್ರೇ ಬರೆಯೋದು ಬಿಟ್ರು. ನೀವೊಬ್ರೇ ಉಳಿದ್ರಿ. ಒಬ್ಬ ವೈದ್ಯನಿಗೋಸ್ಕರ ಆಟ ನಡೆಯುತ್ತಾ? ಮದ್ದು ಅರೆಯೋಕೆ ಬಿದ್ದೋರು ಬೇಕಲ್ಲ. ಅದಕ್ಕೇ ನಾನೇ ಬೀಳ್ತಾ ಬಂದೆ.” ಕಪಾಟಿನಿಂದ ಒಂದು ಕಟ್ಟು ತಂದಳು. “ಎಂಥಾ ಕಾಗದ ಬರೀತಿದ್ರಿ ನೀವು. ಕಳ್ಳನಿಗೆ ಬೈದು ಗಂಜಿ ಕುಡಿಸೋದು, ಯೋಧನಿಗೆ ಹುಳಿ ತಿನ್ನಬೇಡ ಅನ್ನೋದು. ಕೊನೇಲಿ, ಯಜಮಾನರೇ ನಿಮ್ಮದು ಊಟ ಆಯ್ತಾ ಅಂತ. ಈ ಊರಲ್ಲಿ ನನ್ನನ್ನ ಯಾರೂ ಅದನ್ನ ಕೇಳಲ್ಲ.”

“ಮತ್ಯಾಕವ್ವ ಹಾವು ಬಿಟ್ರಿ?”

“ಒಂದೂವರೆ ವರ್ಷದಿಂದ ಮೂರೇ ಸಾಲು ಬರ್ತಿದೆ. ಬೇರು ಕಿತ್ತೆ. ಅರೆದೆ. ಕೊಟ್ಟೆ. ಅಕ್ಷರ ಅದೇ, ಮಾತಿಲ್ಲ. ನಿಮಗೆ ಬೇಜಾರಾಗಿದೆ, ದಾಕ್ಷಿಣ್ಯಕ್ಕೆ ಬರೀತಿದ್ದೀರಿ ಅಂದ್ಕೊಂಡೆ. ಸಾಯಿಸಿದ್ರೆ ನಿಮಗೂ ಬಿಡುಗಡೆ.”

“ಬಿಡುಗಡೆ ಬ್ಯಾಡ. ವೈದ್ಯ ಸಾಯ್ಬಾರ್ದು.”

“ಕತ್ತಿ ಹಿಡೀರಿ. ಹೊಸ ಪಾತ್ರ ಕೊಡ್ತೀನಿ.”

“ಅದೇ ವೈದ್ಯ ಇರ್ಲಿ. ಮೂಲೇಲಿ ಸುಮ್ಕೆ ಕೂತಿರ್ಲಿ, ಮದ್ದು ಅರೀದಿದ್ರೂ ಸೈ. ಉಸುರಾಡ್ಲಿ ಅಷ್ಟೆ.”

ಅವಳು ಅವನ ಮುಖ ನೋಡಿದಳು. ಮೂರು ಹಾಳೆ ಎಳೆದುಕೊಂಡಳು. ಕೆಂಪು ಶಾಯಿಯಲ್ಲಿ ಯೋಧ ಅರ್ಧ ಪ್ರಾಣ ಕೊಟ್ಟ. ಹಸಿರಿನಲ್ಲಿ ಕಳ್ಳ ಕೊಟ್ಟ. ನೀಲಿಯಲ್ಲಿ ಮಾಂತ್ರಿಕ ಬರೆಯುವ ಮುನ್ನ ಕೈ ನಿಂತಿತು.

“ಇದನ್ನೂ ಬರೀತೀನಿ. ಒಂದೇ ಒಂದು ಕರಾರು. ವೈದ್ಯರು ಮೊದಲಿನ ಹಾಗೆ ಬರೀಬೇಕು. ಉದ್ದಕ್ಕೆ. ಬೈದು, ಕೇಳಿ, ಮಾತಾಡಿ. ನನಗೆ ಆ ಕಾಗದ ಬೇಕು. ಆಗುತ್ತಾ?”

ಈಶ್ವರಯ್ಯ ಪೆನ್ನಿನ ತುದಿಯನ್ನೇ ನೋಡುತ್ತಿದ್ದ. ಹೂಂ ಎಂದುಬಿಡಬಹುದಿತ್ತು.

“ವೈದ್ಯ ನಾನಲ್ಲ ಕಣವ್ವ, ನನ್ನ ಹೆಂಡ್ತಿ ಗಂಗಾಂಬಿಕೆ. ಆ ಮೂರು ಸಾಲು ಅವ್ಳ ಅಕ್ಸರ ನೋಡಿ ನಾನು ಇಳ್ಸಿದ್ದು. ತೀರ್ಕಂಡು ಒಂದೂವರೆ ವರ್ಸದ ಮ್ಯಾಲಾಯ್ತು, ಕಾರ್ತೀಕದ ಎರಡ್ನೇ ಸ್ವಾಮಾರ.”